ತೂಕ ತಿದ್ದಿದ್ದು ಯಾರು? ಡೇಟಾಬೇಸಿನ ಆಡಿಟ್ ಟ್ರೇಲ್ ಓದುವ ಬಗೆ

ಮಳೆ ಶುರುವಾಗಿ ಒಂದು ವಾರ ಆಗಿತ್ತು. ಶಿವಮೊಗ್ಗದ ಹತ್ತಿರದ ಒಂದು ಅಡಿಕೆ ಸೊಸೈಟಿಯ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ, ಹೆಸರು ಬೇಡ. ಬೆಳಿಗ್ಗೆ ಫೋನ್ ಬಂತು, ಹೋದೆ. ಕೌಂಟರ್ ಮುಂದೆ ಒಬ್ಬ ಅಜ್ಜ ನಿಂತಿದ್ದರು. ಕೊಡೆಯಿಂದ ನೀರು ಇಳಿಯುತ್ತಿತ್ತು, ಕೈಯಲ್ಲಿ ಎರಡು ಚೀಟಿ. ಒಂದು, ಅಡಿಕೆ ತಂದು ಇಳಿಸಿದ ದಿನ ಕೊಟ್ಟ ತೂಕದ ಚೀಟಿ: ಲಾಟ್ 217, ರಾಶಿ (ಅಡಿಕೆಯ ಒಂದು ಬಗೆ), 12 ಕ್ವಿಂಟಾಲ್ 40 ಕೆಜಿ. ಇನ್ನೊಂದು, ಮಾರಾಟ ಆದಮೇಲೆ ಕೊಟ್ಟ ಪಟ್ಟಿ: ಅದೇ ಲಾಟ್, 11 ಕ್ವಿಂಟಾಲ್ 40 ಕೆಜಿ.

"ಏನು ತಮ್ಮಾ, ಒಂದು ಕ್ವಿಂಟಾಲ್ ಅಡಿಕೆ ನಿನ್ನ ಕಂಪ್ಯೂಟರ್ ತಿಂದುಬಿಡ್ತಾ?"

ಒಂದು ಕ್ವಿಂಟಾಲ್ ರಾಶಿ ಅಂದರೆ ಹತ್ತಾರು ಸಾವಿರ ರೂಪಾಯಿ. ನಗುವ ವಿಷಯ ಅಲ್ಲ.

ಡೇಟಾಬೇಸ್ ತೆರೆದು ನೋಡಿದರೆ ಅದರಲ್ಲಿ ಇರುವುದು 11.40. ಅಷ್ಟೇ. ಮೊದಲು ಎಷ್ಟಿತ್ತು ಅಂತ ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಯಾಕೆಂದರೆ ಡೇಟಾಬೇಸಿಗೆ ನೀವು 'ಅಪ್‌ಡೇಟ್' ಅಂತ ಹೇಳಿದರೆ ಅದು ಹಳೆಯದನ್ನು ತೆಗೆದು ಹೊಸದನ್ನು ಇಡುತ್ತದೆ, ಕೆಲಸ ಮುಗೀತು. (ಇಲ್ಲಿರುವ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್, ಅದು ಒಳಗೊಳಗೆ ಹಳೆಯ ಪ್ರತಿಯನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತದೆ, ಆಮೇಲೆ ವ್ಯಾಕ್ಯೂಮ್ ಅನ್ನುವ ಅದರದೇ ಕಸಬರಿಗೆ ಬಂದು ಗುಡಿಸಿಕೊಂಡು ಹೋಗುತ್ತದೆ. ಅದನ್ನು ನಂಬಿ ಕೂರುವಂತಿಲ್ಲ.) ಕೈಬರಹದ ಲೆಕ್ಕದ ಪುಸ್ತಕ ಇದಕ್ಕಿಂತ ಎಷ್ಟೋ ವಾಸಿ. ಅಲ್ಲಿ ತಪ್ಪು ಅಂಕಿಯ ಮೇಲೆ ಒಂದು ಗೆರೆ ಎಳೆಯುತ್ತಾರೆ, ಹಳೆಯದು ಕಾಣುತ್ತಲೇ ಇರುತ್ತದೆ, ಪಕ್ಕದಲ್ಲಿ ಸರಿಯಾದದ್ದು ಬರೆದು ಚಿಕ್ಕ ಸಹಿ ಹಾಕುತ್ತಾರೆ. ವೈಟ್ನರ್ ಹಚ್ಚಿದರೆ ಆಡಿಟರ್ ಹಿಡಿದುಕೊಳ್ಳುತ್ತಾರೆ. ಡೇಟಾಬೇಸ್ ತಾನಾಗಿ ಮಾಡುವುದು ವೈಟ್ನರ್ ಕೆಲಸ, ಅದೂ ಎಷ್ಟು ನೀಟಾಗಿ ಅಂದರೆ ಕಲೆ ಕೂಡ ಕಾಣುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಹೇಳುವಾಗ ನಾನು ಕಡತದ ಮಾತು ತೆಗೆಯುತ್ತೇನೆ. ಈಗ ಕಡತ ಅಂದರೆ ಕಚೇರಿಯ ಫೈಲು. ಹಿಂದೆ ಕಡತ ಅಂದರೆ ಬಟ್ಟೆಯ ಪುಸ್ತಕ: ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ ಮಡಿಸಿ ಇಟ್ಟು, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇವತ್ತಿಗೂ ಇವೆ. ಬಾಳಿಕೆ ಜೋರು. ಆದರೆ ಬಟ್ಟೆಯಿಂದ ಒರೆಸಿದರೆ ಬರಹ ಹೋಗುತ್ತದೆ, ಮೇಲೆ ಹೊಸದು ಬರೆಯಬಹುದು. ಓಲೆಗರಿ ಹಾಗಲ್ಲ. ಕಂಠದಿಂದ ಗೀರಿದ್ದು ಗೀರಿದ್ದೇ. ಡೇಟಾಬೇಸಿನ ಟೇಬಲ್ಲು ಕಡತ ಇದ್ದ ಹಾಗೆ, ದಿನಾ ಒರೆಸಿ ಬರೆಯಲೇಬೇಕು, ಇಲ್ಲದಿದ್ದರೆ ವ್ಯವಹಾರ ನಡೆಯುವುದಿಲ್ಲ. ಅದರ ಪಕ್ಕದಲ್ಲಿ ಒಂದು ಓಲೆಗರಿ ಇಟ್ಟು, ಕಡತ ಒರೆಸಿದಾಗಲೆಲ್ಲ ಯಾರು, ಯಾವಾಗ, ಏನು ಒರೆಸಿದರು ಅಂತ ಗೀರುತ್ತಾ ಹೋಗುವುದು, ಅದೇ ಆಡಿಟ್ ಟ್ರೇಲ್.

ಪುಣ್ಯಕ್ಕೆ ಈ ಸೊಸೈಟಿಯಲ್ಲಿ ನಾನು ಒಂದು ಓಲೆಗರಿ ಇಟ್ಟಿದ್ದೆ. ಎರಡು ವರ್ಷದ ಹಿಂದೆ ಹಾಕಿದ್ದು. ಅಲ್ಲಿಯವರೆಗೆ ಒಬ್ಬರೂ, ನಾನೂ ಸೇರಿ, ಅದನ್ನು ತೆರೆದು ನೋಡಿರಲಿಲ್ಲ.

ಒಂದು ಸಾಲು

ಲಾಟ್ 217ರ ಹೆಸರಲ್ಲಿ ಹುಡುಕಿದಾಗ ಸಿಕ್ಕಿದ್ದು ಇದು. ಕ್ರಮ ಸಂಖ್ಯೆ 48113. ಟೇಬಲ್: ಲಾಟ್. ಕ್ರಿಯೆ: ಅಪ್‌ಡೇಟ್. ಕಾಲಂ: ತೂಕ. ಹಳೆಯದು 12.40. ಹೊಸದು 11.40. ಸಮಯ 08:20:14. ಬಳಕೆದಾರ: ಸೊಸೈಟಿ ಆ್ಯಪ್.

ಈ ಒಂದು ಸಾಲಿನಲ್ಲಿ ಆಡಿಟ್ ಟ್ರೇಲಿನ ಒಳ್ಳೆಯದು ಕೆಟ್ಟದ್ದು ಎರಡೂ ಇದೆ, ಹಾಗಾಗಿ ಇದನ್ನೇ ಬಿಡಿಸಿ ನೋಡೋಣ.

ಹಳೆಯದು, ಹೊಸದು: ಚೆನ್ನಾಗಿದೆ. ಅಜ್ಜನ ಚೀಟಿ ಸರಿ, ಯಾರೋ ತಿದ್ದಿದ್ದಾರೆ ಅನ್ನುವುದು ಒಂದೇ ನಿಮಿಷದಲ್ಲಿ ಗೊತ್ತಾಯಿತು. ಇದು ಟ್ರಿಗರ್ ಮಾಡಿದ ಕೆಲಸ. ಟ್ರಿಗರ್ ಅಂದರೆ ಟೇಬಲ್ಲಿಗೆ ಕಟ್ಟಿದ ಗಂಟೆ, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಯಾವುದಾದರೂ ಆದ ತಕ್ಷಣ ಡೇಟಾಬೇಸ್ ತಾನೇ ಒಂದು ಚಿಕ್ಕ ಪ್ರೋಗ್ರಾಂ ಓಡಿಸುತ್ತದೆ. ಅದರ ಕೈಗೆ ಹಳೆಯ ಸಾಲು, ಹೊಸ ಸಾಲು ಎರಡೂ ಸಿಗುತ್ತವೆ. ಅವನ್ನು ಬೇರೊಂದು ಟೇಬಲ್ಲಿಗೆ ಬರೆದಿಟ್ಟರೆ ಆಯಿತು.

ಆದರೆ ಟ್ರಿಗರಿಗೆ ಎರಡು ಕುರುಡು ಇದೆ. ಒಂದು, ಓದಿದ್ದು ಅದಕ್ಕೆ ಕಾಣುವುದಿಲ್ಲ. ಸೆಲೆಕ್ಟ್ ಮಾಡಿದರೆ ಗಂಟೆ ಬಾರಿಸುವುದಿಲ್ಲ. ಸೊಸೈಟಿಯಲ್ಲಿ ಯಾರ ಸಾಲ ಎಷ್ಟು ಬಾಕಿ ಅನ್ನುವುದು ಊರಿನಲ್ಲಿ ಎಷ್ಟು ರುಚಿಯಾದ ಸುದ್ದಿ ಅಂತ ನಿಮಗೆ ಗೊತ್ತಲ್ವಾ, ಅದನ್ನು ಯಾರು ಕದ್ದು ನೋಡಿದರು ಅಂತ ಟ್ರಿಗರ್ ಹೇಳಲಾರದು. ಎರಡನೆಯದು, ಟ್ರಿಗರ್ ಬರೆದ ಸಾಲು ಆ ವ್ಯವಹಾರದ (ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೆ ನಡೆಯುವ ಒಂದು ಕಂತು ಬದಲಾವಣೆ) ಜೊತೆಗೇ ಕಟ್ಟಿಕೊಂಡಿರುತ್ತದೆ. ಯಾರೋ ತೂಕ ತಿದ್ದಿ, ಮನಸ್ಸು ಬದಲಾಯಿಸಿ ರೋಲ್‌ಬ್ಯಾಕ್ ಮಾಡಿದರೆ, ಅಂದರೆ ಪಕ್ಕಾ ಆಗುವ ಮುಂಚೆಯೇ ವಾಪಸ್ ತೆಗೆದುಕೊಂಡರೆ, ಆಡಿಟ್ ಸಾಲೂ ಅಳಿಸಿಹೋಗುತ್ತದೆ. ಪ್ರಯತ್ನ ಮಾಡಿದ್ದು ಎಲ್ಲೂ ಉಳಿಯುವುದಿಲ್ಲ. ಲಾಗಿನ್ ಆಗಿದ್ದು, ಪಾಸ್‌ವರ್ಡ್ ತಪ್ಪಾಗಿದ್ದು, ಯಾರಿಗೋ ಹೊಸ ಅಧಿಕಾರ ಕೊಟ್ಟಿದ್ದು, ಇವೂ ಟೇಬಲ್ಲಿಗೆ ಕಟ್ಟಿದ ಇಂಥ ಟ್ರಿಗರ್ ಕೈಗೆ ಸಿಗುವ ಸರಕಲ್ಲ.

ಅದಕ್ಕೆ ಡೇಟಾಬೇಸಿನ ಸ್ವಂತ ಆಡಿಟ್ ಬೇಕು. ಡೇಟಾಬೇಸ್ ಸಾಫ್ಟ್‌ವೇರುಗಳು ಹಲವು ಇವೆ, ಇದು ಒಂದೊಂದರಲ್ಲಿ ಒಂದೊಂದು ತರ. ಒರಾಕಲ್‌ನಲ್ಲಿ ಇದು ತುಂಬಾ ಹಳೆಯ ವ್ಯವಸ್ಥೆ, 'ಆಡಿಟ್ ಟ್ರೇಲ್' ಅಂತಲೇ ಒಂದು ಪ್ಯಾರಾಮೀಟರ್, ಅಂದರೆ ಸೆಟ್ಟಿಂಗ್, ಇತ್ತು. ಅದು ಆನ್ ಇದ್ದರೆ ಪ್ರತಿ ಲಾಗಿನ್, ಲಾಗ್‌ಆಫ್, ನೀವು ಹೇಳಿದ ಕ್ರಿಯೆಗಳು ಎಲ್ಲ ಒಂದು ಟೇಬಲ್ಲಿಗೆ ಬೀಳುತ್ತಿದ್ದವು: ಒರಾಕಲ್ ಬಳಕೆದಾರ, ಆ ಕಂಪ್ಯೂಟರಿನ ಬಳಕೆದಾರ, ಯಾವ ಯಂತ್ರ, ಎಷ್ಟು ಹೊತ್ತಿಗೆ, ಕೊನೆಗೆ ಒಂದು ರಿಟರ್ನ್ ಕೋಡ್. ಕೋಡ್ 0 ಇದ್ದರೆ ಸರಿ. 1017 ಇದ್ದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 28000 ಇದ್ದರೆ ಖಾತೆಗೆ ಬೀಗ ಬಿದ್ದಿದೆ. 2013ರ 12ಸಿ ಆವೃತ್ತಿಯಿಂದ ಅಲ್ಲಲ್ಲಿ ಚೆದುರಿದ್ದ ಇದನ್ನೆಲ್ಲ ಒಂದೇ ಕಡೆ ಸೇರಿಸಿ 'ಯೂನಿಫೈಡ್ ಆಡಿಟಿಂಗ್' ಮಾಡಿದರು. ಕದ್ದು ನೋಡುವವರ ವಿಷಯಕ್ಕೆ ಅದರಲ್ಲಿ 'ಫೈನ್ ಗ್ರೇನ್ಡ್ ಆಡಿಟಿಂಗ್' ಅಂತ ಇದೆ: ಇಂಥ ಕಾಲಂ ಮುಟ್ಟಿದರೆ ಮಾತ್ರ ಬರೆದುಕೋ ಅನ್ನಬಹುದು.

ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಫೈಲಿನ ಸೆಟ್ಟಿಂಗ್ ಇದೆ: ಏನೂ ಬೇಡ, ರಚನೆ ಬದಲಾದರೆ ಮಾತ್ರ, ಡೇಟಾ ಬದಲಾದರೂ ಸಹ, ಎಲ್ಲವೂ, ಹೀಗೆ ನಾಲ್ಕು ಮಟ್ಟ. ಅದು ಸಾಲದವರಿಗೆ ಪಿಜಿಆಡಿಟ್ ಅನ್ನುವ ಎಕ್ಸ್‌ಟೆನ್ಷನ್, ಅಂದರೆ ಬೇರೆಯಾಗಿ ಸೇರಿಸುವ ಭಾಗ. ಗಂಭೀರವಾಗಿ ಮಾಡುವವರು ಅದನ್ನೇ ಹಾಕಿ. ಯಾಕೆಂದರೆ ಸಾಮಾನ್ಯ ಲಾಗ್‌ಗೆ ಫಂಕ್ಷನ್ (ಡೇಟಾಬೇಸಿನೊಳಗೇ ಬರೆದಿಟ್ಟ ಪ್ರೋಗ್ರಾಂ) ಒಳಗೆ ನಡೆದದ್ದು ಸರಿಯಾಗಿ ಸಿಗುವುದಿಲ್ಲ. ಮೈಎಸ್‌ಕ್ಯೂಎಲ್‌ನ ಆಡಿಟ್ ಪ್ಲಗಿನ್ ದುಡ್ಡು ಕೊಡುವ ಎಂಟರ್‌ಪ್ರೈಸ್ ಆವೃತ್ತಿಗೆ, ಮರಿಯಾಡಿಬಿಯಲ್ಲಿ ಪುಕ್ಕಟೆ ಬರುತ್ತದೆ. ಕೆಲವರು ಮೈಎಸ್‌ಕ್ಯೂಎಲ್‌ನ ಬಿನ್‌ಲಾಗ್ ಇದೆಯಲ್ಲ, ಅದೇ ಸಾಕು ಅನ್ನುತ್ತಾರೆ. ಸಾಲದು. ಏನು ಬದಲಾಯಿತು ಅನ್ನುವುದು ಅದರಲ್ಲಿ ಇರುತ್ತದೆ, ಯಾರು ಬದಲಾಯಿಸಿದರು ಅನ್ನುವುದು ಇರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ 2016ರ ಟೆಂಪೊರಲ್ ಟೇಬಲ್ ಕೂಡ ಅಷ್ಟೇ, ಹಳೆಯ ಅಂಕಿಗಳನ್ನೆಲ್ಲ ಚಂದ ಮಾಡಿ ಇಡುತ್ತದೆ, ಕೈ ಯಾರದು ಅಂತ ಹೇಳುವುದಿಲ್ಲ. ಅದಕ್ಕೆ 2008ರಿಂದ ಇರುವ ಬೇರೆ ಆಡಿಟ್ ಸೌಲಭ್ಯವನ್ನೇ ಆನ್ ಮಾಡಬೇಕು.

ಬೆಳಿಗ್ಗೆ 8:20

ಈಗ ಆ ಸಾಲಿನ ಸಮಯಕ್ಕೆ ಬರೋಣ. ಜಗಳ ಆಗಿದ್ದು ಅಲ್ಲೇ.

ನಾನು ಸ್ಕ್ರೀನ್ ತಿರುಗಿಸಿ ತೋರಿಸಿದೆ. ಸೆಕ್ರೆಟರಿಗಳು 08:20 ನೋಡಿದರು, ಅವರ ಮುಖ ಬದಲಾಯಿತು. ಆ ಆಫೀಸು ತೆರೆಯುವುದು 10 ಗಂಟೆಗೆ. ಅದಕ್ಕೂ ಮೊದಲು 8ಕ್ಕೆ ಬಂದು ಷಟರ್ ಎತ್ತಿ, ಕಸ ಹೊಡೆಸಿ, ಯುಪಿಎಸ್ ನೋಡಿ ಸರ್ವರ್ ಆನ್ ಮಾಡುವವಳು ಒಬ್ಬಳೇ, ಡೇಟಾ ಎಂಟ್ರಿ ಮಾಡುವ ಹುಡುಗಿ. ಬಸ್ಸಿನ ಟೈಮು ಹಾಗಿದೆ, ಅವಳ ಊರಿನಿಂದ ಆಮೇಲಿನ ಬಸ್ಸು 11ಕ್ಕೆ. "ಅಷ್ಟು ಹೊತ್ತಿಗೆ ಇಲ್ಲಿ ಮತ್ಯಾರು ಇರ್ತಾರೆ ಹೇಳಿ" ಅಂದರು ಸೆಕ್ರೆಟರಿಗಳು, ಅವಳ ಎದುರಿಗೇ. ಅವಳು ಏನೂ ಮಾತಾಡಲಿಲ್ಲ. ಅಜ್ಜನೂ ಸುಮ್ಮನಾದರು.

ನಾನು ಒಂದು ಅರ್ಧ ನಿಮಿಷ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಸುಮ್ನೆ ಅದರ ಹಿಂದಿನ ಮುಂದಿನ ಸಾಲುಗಳನ್ನು ನೋಡಿದೆ. ಬೆಳಗಿನ ಜಾವ 04:35ಕ್ಕೆ ತೂಕದ ಎಂಟ್ರಿ. 05:10ಕ್ಕೆ ಇನ್ನೊಂದು. ಬೆಳಗಿನ ಜಾವ ನಾಲ್ಕೂವರೆಗೆ ಯಾರಪ್ಪಾ ಅಡಿಕೆ ತೂಕ ಹಾಕುವವರು?

ಸರ್ವರ್ ಹೊಸದಾಗಿ ಹಾಕುವಾಗ ಅದರ ಸಮಯ ಯುಟಿಸಿಯಲ್ಲೇ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯದಲ್ಲೇ, ಉಳಿದಿತ್ತು. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. 08:20 ಅಂದರೆ ಮಧ್ಯಾಹ್ನ 1:50. ಊಟದ ಹೊತ್ತು, ಎಲ್ಲರೂ ಇರುವ ಹೊತ್ತು.

ಯುಟಿಸಿಯಲ್ಲಿ ಬರೆದಿಡುವುದು ತಪ್ಪಲ್ಲ. ಹಲವು ಯಂತ್ರಗಳ ಲಾಗ್ ಒಟ್ಟಿಗೆ ಹೊಂದಿಸಿ ನೋಡಲು ಅದೇ ಒಳ್ಳೆಯದು. ಆದರೆ ಸಮಯದ ಪಕ್ಕದಲ್ಲಿ ಅದು ಯಾವ ಊರಿನ ಸಮಯ ಅಂತ ಬರೆದಿರಲೇಬೇಕು, ಜನ ಓದುವ ರಿಪೋರ್ಟಿನಲ್ಲಿ ನಮ್ಮ ಸಮಯಕ್ಕೆ ತಿರುಗಿಸಿಯೇ ಕೊಡಬೇಕು. ನಾನು ಎರಡೂ ಮಾಡಿರಲಿಲ್ಲ. ಇನ್ನೊಂದು ಮಾತು: ಸಮಯ ಸರ್ವರಿನದ್ದೇ ಇರಲಿ, ಕೌಂಟರಿನ ಪಿಸಿ ಕಳಿಸಿದ ಸಮಯವನ್ನು ನಂಬಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬಂದು ಆಡುತ್ತದೆ, ಹಳೆ ಪಿಸಿಯ ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಆನ್ ಆದಾಗ ಅದು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿ ಕೂತಿರುತ್ತದೆ.

ಎಲ್ಲರ ಹೆಸರೂ ಒಂದೇ

ಸಮಯ ಬಗೆಹರಿಯಿತು. ಯಾರು ಅನ್ನುವುದು ಬಾಕಿ. ಆ ಸಾಲಿನಲ್ಲಿ ಇದ್ದ ಹೆಸರು 'ಸೊಸೈಟಿ ಆ್ಯಪ್'. ಅದು ಮನುಷ್ಯರ ಹೆಸರಲ್ಲ, ಸಾಫ್ಟ್‌ವೇರ್ ಡೇಟಾಬೇಸಿಗೆ ಲಾಗಿನ್ ಆಗುವ ಹೆಸರು. ನಾಲ್ಕು ಕೌಂಟರ್ ಇದ್ದರೂ, ನಾಲ್ಕು ಜನ ಬೇರೆ ಬೇರೆ ಪಾಸ್‌ವರ್ಡ್ ಹಾಕಿ ಸಾಫ್ಟ್‌ವೇರ್ ತೆರೆದರೂ, ಒಳಗೆ ಡೇಟಾಬೇಸಿನ ಬಾಗಿಲಲ್ಲಿ ಎಲ್ಲರೂ ಅದೇ ಒಂದು ಹೆಸರು ಹೇಳಿಕೊಂಡು ಹೋಗುತ್ತಾರೆ. ಡೇಟಾಬೇಸ್ ಪ್ರಾಮಾಣಿಕವಾಗಿ ಅದನ್ನೇ ಬರೆದುಕೊಂಡಿದೆ.

ನನಗೆ ಕೇಳಿದರೆ ಆಡಿಟ್ ಟ್ರೇಲುಗಳು ಜಾಸ್ತಿ ಕೈಕೊಡುವುದು ಇಲ್ಲಿಯೇ. ಸಾವಿರಾರು ಸಾಲು ಇರುತ್ತವೆ, ಎಲ್ಲದರ ಮುಂದೆ ಒಂದೇ ಹೆಸರು. ವೆಬ್ ಸಾಫ್ಟ್‌ವೇರ್ ಆದರೆ ಇನ್ನೂ ಕಷ್ಟ. ಅಲ್ಲಿ ಕನೆಕ್ಷನ್ ಪೂಲ್ ಇರುತ್ತದೆ, ಅಂದರೆ ಮೊದಲೇ ತೆರೆದಿಟ್ಟ ಹತ್ತಿಪ್ಪತ್ತು ಸಂಪರ್ಕಗಳನ್ನು ನೂರಾರು ಜನ ಹಂಚಿಕೊಂಡು ಬಳಸುತ್ತಾರೆ, ಹಾಗಾಗಿ ಹೆಸರೂ ಒಂದೇ, ಯಾವ ಯಂತ್ರ ಅಂತ ಹೇಳುವ ಐಪಿ ವಿಳಾಸವೂ ಒಂದೇ.

ಪರಿಹಾರ ಇದೆ, ಕಷ್ಟದ್ದೇನಲ್ಲ. ಪ್ರತಿ ಕೆಲಸ ಶುರು ಮಾಡುವ ಮುಂಚೆ ಸಾಫ್ಟ್‌ವೇರ್ ಡೇಟಾಬೇಸಿಗೆ 'ಈಗ ಬಂದಿರುವವರು ಇಂಥವರು' ಅಂತ ಒಂದು ಮಾತು ಹೇಳಬೇಕು. ಒರಾಕಲ್‌ನಲ್ಲಿ ಇದಕ್ಕೆ ಕ್ಲೈಂಟ್ ಐಡೆಂಟಿಫೈಯರ್ ಅಂತಾರೆ, ಅದು ಆಡಿಟ್ ಸಾಲಿನಲ್ಲೇ ಬಂದು ಕೂರುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸೆಷನ್ ಕಾಂಟೆಕ್ಸ್ಟ್. ಪೋಸ್ಟ್‌ಗ್ರೆಸ್‌ನಲ್ಲಿ ಆ ಒಂದು ವ್ಯವಹಾರದ ಮಟ್ಟಿಗೆ ಒಂದು ವೇರಿಯಬಲ್ ಇಟ್ಟರೆ ಟ್ರಿಗರ್ ಅದನ್ನು ಓದಿಕೊಳ್ಳುತ್ತದೆ. ವ್ಯವಹಾರದ ಮಟ್ಟಿಗೆ ಮಾತ್ರ ಅನ್ನುವುದು ಮುಖ್ಯ, ಇಲ್ಲದಿದ್ದರೆ ಹಿಂದೆ ಬಂದವರ ಹೆಸರು ಆ ಸಂಪರ್ಕಕ್ಕೆ ಅಂಟಿಕೊಂಡು ಮುಂದಿನವರ ತಪ್ಪು ಇವರ ತಲೆಗೆ ಬರುತ್ತದೆ.

ಇಷ್ಟಾದರೂ, ಇಬ್ಬರು ಒಂದೇ ಪಾಸ್‌ವರ್ಡ್ ಹಂಚಿಕೊಂಡರೆ ಎಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ, ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ತಂದಾಗ, ಸಿಬ್ಬಂದಿಯ ಲಾಗಿನ್‌ಗೆ ಬೆರಳಚ್ಚು ಇಟ್ಟಿದ್ದು ಇದೇ ಕಾರಣಕ್ಕೆ. ಜಮೀನಿನ ಖಾತೆ ಬದಲಾದ ಮೇಲೆ 'ನನ್ನ ಪಾಸ್‌ವರ್ಡ್ ಬೇರೆ ಯಾರೋ ಹಾಕಿರಬೇಕು' ಅಂತ ಯಾರೂ ಹೇಳಬಾರದು ನೋಡಿ.

ನಮ್ಮ ಸೊಸೈಟಿಯ ಸಾಫ್ಟ್‌ವೇರ್ ಹಳೆಯ ತರದ್ದು, ಪ್ರತಿ ಕೌಂಟರ್ ನೇರವಾಗಿ ಡೇಟಾಬೇಸಿಗೆ ಸೇರುತ್ತದೆ. ಅದೇ ಉಳಿಸಿತು. ಟ್ರಿಗರ್ ಟೇಬಲ್ಲಿನಲ್ಲಿ ಐಪಿ ಇರಲಿಲ್ಲ, ಆದರೆ ಪೋಸ್ಟ್‌ಗ್ರೆಸ್ ಲಾಗ್ ಫೈಲಿನಲ್ಲಿ ಪ್ರತಿ ಸಾಲಿನ ಮುಂದೆ ಐಪಿ ಬರುವ ಹಾಗೆ ಹಾಕಿದ್ದೆ. 08:20:14ರ ಸಾಲು ಹುಡುಕಿದೆ. ಮೂರನೇ ಕೌಂಟರ್. ಹುಡುಗಿ ಕೂರುವುದು ಒಂದರಲ್ಲಿ. ಮೂರರಲ್ಲಿ ಕೂರುವವರು ಮೂವತ್ತು ವರ್ಷದಿಂದ ಸೊಸೈಟಿಯಲ್ಲಿರುವ ಹಿರಿಯ ಗುಮಾಸ್ತರು, ಒಂದು ಪೈಸೆ ಆಚೀಚೆ ಮಾಡದವರು. ಅವರು ತಮ್ಮ ಡ್ರಾಯರ್ ತೆಗೆದು, ಆ ದಿನದ ತಿದ್ದುಪಡಿ ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹಾಕಿದರು. ಸಿಕ್ಕಿತು. ಬೇರೊಬ್ಬ ಸದಸ್ಯರ ಲಾಟಿನಲ್ಲಿ ಮೂಟೆ ಲೆಕ್ಕ ತಪ್ಪಿ ಒಂದು ಕ್ವಿಂಟಾಲ್ ಜಾಸ್ತಿ ಬರೆದಿತ್ತು, ಕಡಿಮೆ ಮಾಡಬೇಕಿತ್ತು. ಆ ಲಾಟ್ ನಂಬರ್ 271.

ಅವರು ಹೊಡೆದಿದ್ದು 217.

271 ತೆರೆದು ನೋಡಿದರೆ ಆ ಒಂದು ಕ್ವಿಂಟಾಲ್ ಅಲ್ಲೇ ಇತ್ತು, ಕಮ್ಮಿ ಆಗದೆ. ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಸೆಕ್ರೆಟರಿಗಳು ಎಲ್ಲರಿಗೂ ಕಾಫಿ ತರಿಸಿದರು. ಹುಡುಗಿ ಕುಡಿಯಲಿಲ್ಲ.

ಎಷ್ಟು ಬರೆಯಬೇಕು

ಇಂಥದ್ದು ಒಂದು ಆದಮೇಲೆ ಜನ ಇನ್ನೊಂದು ತುದಿಗೆ ಓಡುತ್ತಾರೆ. ಎಲ್ಲವನ್ನೂ ಬರೆದಿಡಿ, ಒಂದನ್ನೂ ಬಿಡಬೇಡಿ ಅಂತ. ಬೇಡ.

ಬೇರೆ ಒಂದು ಕಡೆ ನಾನೇ ಇದನ್ನು ಮಾಡಿ ಬೈಸಿಕೊಂಡಿದ್ದೇನೆ. ಹಳೆಯ ಒರಾಕಲ್, ಆಡಿಟ್ ಆನ್ ಮಾಡಿ ಮರೆತುಬಿಟ್ಟೆ. ಹಳೆಯ ವ್ಯವಸ್ಥೆಯಲ್ಲಿ ಆಡಿಟ್ ಟೇಬಲ್ ಇರುವುದು ಸಿಸ್ಟಮ್ ಟೇಬಲ್‌ಸ್ಪೇಸಿನಲ್ಲಿ, ಡೇಟಾಬೇಸಿನ ಸ್ವಂತ ಲೆಕ್ಕಪತ್ರ ಇರುವ ಜಾಗದಲ್ಲೇ. ಅದು ತುಂಬುತ್ತಾ ತುಂಬುತ್ತಾ ಒಂದು ದಿನ ಜಾಗ ಮುಗಿಯಿತು. ಲಾಗಿನ್ ಆದದ್ದನ್ನು ಬರೆಯಲು ಜಾಗ ಇಲ್ಲದಿದ್ದರೆ ಡೇಟಾಬೇಸ್ ಲಾಗಿನ್ ಆಗಲೇ ಬಿಡುವುದಿಲ್ಲ. ಎರರ್ ನಂಬರ್ 2002, ಆಡಿಟ್ ಟ್ರೇಲಿಗೆ ಬರೆಯಲು ಆಗುತ್ತಿಲ್ಲ ಅಂತ. ಅದೂ ಜನ ತುಂಬಿದ್ದ ದಿನವೇ ಆಗಬೇಕಾ? ಆ ಟೇಬಲ್ಲನ್ನು ಬೇರೆ ಜಾಗಕ್ಕೆ ಸಾಗಿಸಲು, ಹಳೆಯದನ್ನು ತೆಗೆದು ಇನ್ನೊಂದು ಕಡೆ ಇಟ್ಟು ಖಾಲಿ ಮಾಡಲು ಒರಾಕಲ್‌ನಲ್ಲೇ ಪ್ಯಾಕೇಜ್ ಇದೆ, ಮೊದಲ ದಿನವೇ ಹಾಕಿಡಬೇಕಿತ್ತು.

ಜಾಗದ್ದಾದರೂ ಪರವಾಗಿಲ್ಲ, ಡಿಸ್ಕ್ ಕೊಳ್ಳಬಹುದು. ಎಲ್ಲವನ್ನೂ ಬರೆದಿಟ್ಟರೆ ಓದಲು ಆಗುವುದಿಲ್ಲ, ಅದು ದೊಡ್ಡ ತೊಂದರೆ. ಜೊತೆಗೆ ಲಾಗ್ ತಾನೇ ಒಂದು ಅಪಾಯ ಆಗುತ್ತದೆ: ಸದಸ್ಯರ ಆಧಾರ್ ನಂಬರು, ಬ್ಯಾಂಕ್ ಖಾತೆ ಎಲ್ಲ ಹಳೆಯದು ಹೊಸದು ಅಂತ ಅಲ್ಲಿಗೂ ಹೋಗಿ ಕೂರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ) ಮಾತಿನಲ್ಲೇ ಪಾಸ್‌ವರ್ಡ್ ಬದಲಾಯಿಸಿದರೆ ಆ ಪಾಸ್‌ವರ್ಡ್ ಇದ್ದ ಹಾಗೆಯೇ ಲಾಗ್ ಫೈಲಿಗೆ ಬೀಳಬಹುದು. ಅಂಗಡಿಗೆ ಬೀಗ ಹಾಕಿ ಕೀಲಿಯನ್ನು ಬಾಗಿಲ ಮೇಲೆ ತೂಗು ಹಾಕಿದ ಹಾಗೆ ಅದು.

ನಾನು ಈಗ ಮೊದಲು ಪ್ರಶ್ನೆ ಬರೆಸಿಕೊಳ್ಳುತ್ತೇನೆ. ನಾಳೆ ಯಾರಾದರೂ ಚೀಟಿ ಹಿಡಿದು ಬಂದರೆ ಏನು ಕೇಳುತ್ತಾರೆ? ತೂಕ, ದರ, ಸಾಲದ ಬಾಕಿ, ಯಾವ ಖಾತೆಗೆ ದುಡ್ಡು ಹೋಯಿತು. ಈ ಕಾಲಂಗಳಿಗೆ ಹಳೆಯದು ಹೊಸದು ಸಮೇತ ಟ್ರಿಗರ್. ಸಾಲದ ವಿವರ ಓದಿದ್ದಕ್ಕೆ ಡೇಟಾಬೇಸಿನ ಆಡಿಟ್. ಲಾಗಿನ್, ತಪ್ಪಿದ ಲಾಗಿನ್, ಬಳಕೆದಾರರನ್ನು ಸೇರಿಸಿದ್ದು ತೆಗೆದದ್ದು, ಅಧಿಕಾರ ಕೊಟ್ಟದ್ದು, ಟೇಬಲ್ ರಚನೆ ಬದಲಾಯಿಸಿದ್ದು, ಆಡಿಟ್ಟನ್ನೇ ಮುಟ್ಟಿದ್ದು: ಇವು ಯಾವಾಗಲೂ. ಉಳಿದದ್ದು ಬಿಡಿ. ಯಾರೋ ಇವತ್ತಿನ ಬೆಟ್ಟೆ ಅಡಿಕೆಯ ದರ ನೋಡಿದರು ಅನ್ನುವುದನ್ನು ಬರೆದಿಟ್ಟು ಏನು ಮಾಡುತ್ತೀರಿ?

ಕಾನೂನಿನ ಮಾತೂ ಸ್ವಲ್ಪ. ಕಂಪನಿ ಕಾಯ್ದೆಯ ಕೆಳಗೆ ಬರುವ ಕಂಪನಿಗಳು 2023ರ ಏಪ್ರಿಲ್ 1ರಿಂದ ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರಿನಲ್ಲಿ ಆಡಿಟ್ ಟ್ರೇಲ್ ಇರಲೇಬೇಕು, ಪ್ರತಿ ತಿದ್ದುಪಡಿಯೂ ದಿನಾಂಕ ಸಮೇತ ದಾಖಲಾಗಬೇಕು, ಅದನ್ನು ಬಂದ್ ಮಾಡಲು ಬರಬಾರದು. ಲೆಕ್ಕದ ಪುಸ್ತಕ 8 ವರ್ಷ ಇಡಬೇಕು ಅನ್ನುವ ನಿಯಮ ಮೊದಲೇ ಇತ್ತು. ಸಹಕಾರ ಸಂಘಗಳು ಬೇರೆ ಕಾಯ್ದೆಯವು, ಆದರೆ ನಾವು ಕೊಳ್ಳುವ ಸಾಫ್ಟ್‌ವೇರ್ ಅದೇ ಆದ್ದರಿಂದ ಸೌಲಭ್ಯ ಹೇಗೂ ಇರುತ್ತದೆ. ಇನ್ನು ಕೇಂದ್ರ ಸರ್ಕಾರದ ಸೈಬರ್ ಭದ್ರತೆಯ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್ 180 ದಿನ ಇಡಬೇಕು ಅಂತ ಹೇಳಿದೆ. ಅಡಿಕೆಯವರಿಗೆ ನನ್ನ ಸಲಹೆ ಎರಡು ಸೀಸನ್ನಿಗಿಂತ ಕಡಿಮೆ ಬೇಡ. ತಗಾದೆ ಬರುವುದು ಮಾರಿದ ದಿನ ಅಲ್ಲ, ಮಗನೋ ಅಳಿಯನೋ ಊರಿಗೆ ಬಂದು ಹಳೆ ಪಟ್ಟಿ ತೆಗೆದು ನೋಡಿದಾಗ.

ಕಾವಲುಗಾರನೇ ಕದ್ದರೆ

ಡೇಟಾಬೇಸಿನ ಅಡ್ಮಿನ್ ಆದವರು ಆಡಿಟ್ ಸಾಲನ್ನೂ ಅಳಿಸಬಲ್ಲರು. ಅಂದರೆ ನಾನು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರು ಕೇಳುವವರು?

ಸುಲಭದ ದಾರಿ, ಲಾಗ್ ಬರೆದ ಕೂಡಲೇ ಅದರ ಒಂದು ಪ್ರತಿ ಬೇರೆ ಯಂತ್ರಕ್ಕೆ ಹೋಗಬೇಕು, ಆ ಯಂತ್ರದ ಪಾಸ್‌ವರ್ಡ್ ಅಡ್ಮಿನ್ ಹತ್ತಿರ ಇರಬಾರದು. ನಮ್ಮಲ್ಲಿ ಅದು ಅಧ್ಯಕ್ಷರ ಹತ್ತಿರ ಇದೆ. ಎರಡನೆಯ ದಾರಿ ಸ್ವಲ್ಪ ಜಾಣತನದ್ದು: ಪ್ರತಿ ಆಡಿಟ್ ಸಾಲಿಗೆ ಒಂದು ಹ್ಯಾಶ್, ಅಂದರೆ ಆ ಸಾಲಿನ ಅಕ್ಷರಗಳಿಂದ ಲೆಕ್ಕ ಹಾಕಿದ ಒಂದು ಗುರುತು. ಆ ಲೆಕ್ಕದಲ್ಲಿ ಹಿಂದಿನ ಸಾಲಿನ ಗುರುತನ್ನೂ ಸೇರಿಸುತ್ತಾರೆ. ಹೂವಿನ ದಂಡೆ ಕಟ್ಟಿದ ಹಾಗೆ, ನಡುವಿನ ಒಂದನ್ನು ಎಳೆದರೆ ಅಲ್ಲಿಂದ ಮುಂದಿನದೆಲ್ಲ ಸಡಿಲ ಆಗಿ ಗೊತ್ತಾಗುತ್ತದೆ. ಎಸ್‌ಕ್ಯೂಎಲ್ ಸರ್ವರ್ 2022ರಲ್ಲಿ ಲೆಡ್ಜರ್ ಅನ್ನುವ ಹೆಸರಿನಲ್ಲಿ ಇದು ಒಳಗೇ ಬಂದಿದೆ. ಆದರೆ ಪೂರ್ತಿ ದಂಡೆ ಬಿಚ್ಚಿ ಮತ್ತೆ ಕಟ್ಟುವ ತಾಳ್ಮೆ ಇದ್ದವರನ್ನು ಇದೂ ತಡೆಯಲಾರದು, ಹಾಗಾಗಿ ಕೊನೆಯ ಗುರುತನ್ನು ಆಗಾಗ ಹೊರಗೆ ಬರೆದಿಡಬೇಕು. ಕಾಗದದ ಮೇಲಾದರೂ ಸರಿ, ಕೆಳಗೆ ಇಬ್ಬರ ಸಹಿ ಇರಲಿ.

ಓದುವುದು

ಇಷ್ಟೆಲ್ಲ ಯಂತ್ರದ ಕೆಲಸ. ಓದುವುದು ನಮ್ಮದು, ಅದನ್ನೇ ಯಾರೂ ಮಾಡುವುದಿಲ್ಲ.

ತೋಟ ಇರುವವರು ಮಳೆ ಬಂದ ಮರುದಿನ ಬೆಳಿಗ್ಗೆ ಕಾದಿಗೆ (ತೋಟದ ನೀರು ಬಸಿಯುವ ಕಾಲುವೆ) ಪಕ್ಕ ನಡೆಯುವುದನ್ನು ನೋಡಿದ್ದೀರಾ? ಕೆಸರಿನಲ್ಲಿ ನೂರು ಹೆಜ್ಜೆ ಇರುತ್ತವೆ. ಆಳಿನದ್ದು, ನಾಯಿಯದ್ದು, ದಿನಾ ಬರುವ ಹಸುವಿನದ್ದು. ಅವರು ಅದನ್ನು ನೋಡುವುದೇ ಇಲ್ಲ. ಮುಳ್ಳುಹಂದಿಯ ಒಂದು ಹೆಜ್ಜೆ ಕಂಡರೆ ನಿಲ್ಲುತ್ತಾರೆ. ದಿನದ ಹೆಜ್ಜೆ ಯಾವುದು ಅಂತ ಗೊತ್ತಿದ್ದರೆ ಮಾತ್ರ ಹೊಸದು ಕಣ್ಣಿಗೆ ಬೀಳುತ್ತದೆ, ಅದು ದಿನಾ ಓಡಾಡಿದವರಿಗೆ ಮಾತ್ರ ಬರುವ ಕಣ್ಣು.

ಹಾಗಾಗಿ ನಾನು ವಾರಕ್ಕೊಮ್ಮೆ ಒಂದೇ ಪುಟದ ರಿಪೋರ್ಟ್ ಮಾಡಿಕೊಟ್ಟಿದ್ದೇನೆ, ನಮ್ಮ ಸಮಯದಲ್ಲಿ. ಪಟ್ಟಿ ಪ್ರಿಂಟ್ ಆದಮೇಲೆ ತೂಕ ಅಥವಾ ದರ ಬದಲಾದ ಲಾಟ್‌ಗಳು. ಡಿಲೀಟ್ ಆದ ಪ್ರತಿ ಸಾಲು. ಆಫೀಸ್ ಸಮಯದ ಆಚೆಗಿನ ಕೆಲಸ. ಹೊಸ ಐಪಿಯಿಂದ ಬಂದ ಲಾಗಿನ್. ತಪ್ಪಿದ ಲಾಗಿನ್‌ಗಳು, ಇದನ್ನು ಎರಡು ತರ ಎಣಿಸಬೇಕು: ಒಂದೇ ಹೆಸರಿಗೆ ಇಪ್ಪತ್ತು ಸಲ ತಪ್ಪಿದ್ದರೆ ಯಾರೋ ಪಾಸ್‌ವರ್ಡ್ ಮರೆತಿದ್ದಾರೆ, ಅಥವಾ ಯಾವುದೋ ಪ್ರೋಗ್ರಾಂ ಹಳೆ ಪಾಸ್‌ವರ್ಡ್ ಇಟ್ಟುಕೊಂಡು ಬಾಗಿಲು ಬಡಿಯುತ್ತಿದೆ. ಇಪ್ಪತ್ತು ಹೆಸರಿಗೆ ಒಂದೊಂದೇ ಸಲ ತಪ್ಪಿದ್ದರೆ ಯಾರೋ ಬೀಗಕ್ಕೆ ಕೀಲಿ ಹುಡುಕುತ್ತಿದ್ದಾರೆ. ಎಣಿಕೆ ಎರಡರಲ್ಲೂ ಇಪ್ಪತ್ತೇ. ಕೊನೆಯಲ್ಲಿ, ಗಂಟೆಗೆ ಎಷ್ಟು ಸಾಲು ಬಿದ್ದಿದೆ ಅನ್ನುವ ಒಂದು ಚಿಕ್ಕ ಕೋಷ್ಟಕ.

ಇದನ್ನು ಯಾರು ಓದಬೇಕು ಅಂತ ಸೆಕ್ರೆಟರಿಗಳು ಕೇಳಿದಾಗ ನಾನು ಆ ಹುಡುಗಿಯ ಹೆಸರು ಹೇಳಿದೆ. ಬೆಳಿಗ್ಗೆ 8ರಿಂದ 10ರವರೆಗೆ ಅವಳಿಗೆ ಬೇರೆ ಕೆಲಸ ಇಲ್ಲ, ಯಾವ ರೈತರ ಲಾಟು ಯಾವ ದಿನ ಬರುತ್ತದೆ ಅನ್ನುವುದು ಅವಳಿಗೆ ಬಾಯಿಪಾಠ. ತನ್ನ ಕೌಂಟರಿನ ಸಾಲುಗಳನ್ನು ತಾನೇ ಓದುವ ಹಾಗಿಲ್ಲ, ಅದನ್ನು ಗುಮಾಸ್ತರು ಓದುತ್ತಾರೆ. ಸೆಕ್ರೆಟರಿಗಳು ಒಂದು ಕ್ಷಣ ನೆಲ ನೋಡಿ, ಆಗಲಿ ಅಂದರು.

ಮೂರನೇ ವಾರ ಅವಳ ಫೋನ್ ಬಂತು. "ಅಣ್ಣಾ, ಮಂಗಳವಾರ 11ರಿಂದ 12ರ ತನಕ ಒಂದೂ ಸಾಲು ಇಲ್ಲ. ಅವತ್ತು ಕರೆಂಟ್ ಇತ್ತು, ನಾಲ್ಕೂ ಕೌಂಟರ್ ನಡೀತಿತ್ತು. ಏನೂ ಇಲ್ಲ ಅಂದ್ರೆ ಹೆಂಗೆ?"

ಲಾಗ್ ಫೈಲ್ ತೆರೆದೆ. 05:31ಕ್ಕೆ, ನಮ್ಮ ಸಮಯದಲ್ಲಿ 11:01ಕ್ಕೆ, ಲಾಟ್ ಟೇಬಲ್ಲಿನ ಟ್ರಿಗರ್ ಬಂದ್ ಮಾಡಿದ ಸಾಲು. 06:34ಕ್ಕೆ ಮತ್ತೆ ಆನ್ ಮಾಡಿದ ಸಾಲು. ಹಳೆ ವರ್ಷದ ಡೇಟಾ ಏರಿಸುವಾಗ ಬೇಗ ಆಗಲಿ ಅಂತ ಮನೆಯಿಂದಲೇ ಮಾಡಿದ್ದು, ಯಾರಿಗೂ ಹೇಳಿರಲಿಲ್ಲ. ಎರಡೂ ಸಾಲಿನ ಮುಂದೆ ನನ್ನ ಹೆಸರು.

ಆ ಒಂದು ಗಂಟೆಯ ತೂಕದ ಚೀಟಿಗಳನ್ನು ನಾನೇ ಕೂತು ಕೈಯಲ್ಲಿ ತಾಳೆ ನೋಡಬೇಕು ಅಂತ ಅವಳು ಹೇಳಿದಳು. 38 ಚೀಟಿ. ಶನಿವಾರ ಹೋಗಿ ನೋಡಿ ಬಂದೆ.